ತಾಮ್ರದ ಬಳೆ ಹೇಳುವ ಸಾಕ್ಷಿ

ಫ್ರಾನ್ಸಿನ ಈಶಾನ್ಯದಲ್ಲಿರುವ ವರ್ಡನ್ ಪಟ್ಟಣದ ಸುತ್ತ ಇಂದು ಸುಮಾರು ಹತ್ತು ಸಾವಿರ ಹೆಕ್ಟೇರಿನಷ್ಟು ಕಾಡು ಹಬ್ಬಿದೆ. ತಾನಾಗಿ ಹುಟ್ಟಿದ ಕಾಡಲ್ಲ ಅದು. 1916ರ ಫೆಬ್ರುವರಿ 21ರಿಂದ ಡಿಸೆಂಬರ್‌ವರೆಗೆ ನಡೆದ ಫಿರಂಗಿ ಕಾಳಗ ಮುಗಿಯುವ ಹೊತ್ತಿಗೆ ಆ ನೆಲ ಉಳುಮೆಗೂ ವಾಸಕ್ಕೂ ಬಾರದಂತಾಗಿತ್ತು. ಯುದ್ಧಾನಂತರ ಸರ್ಕಾರ ಅದನ್ನು ಕೆಂಪು ವಲಯ ಎಂದು ಗುರುತಿಸಿ, ಮುಂದೆ ಪೈನ್ ಸಸಿಗಳನ್ನು ನೆಡಿಸಿತು. ಈಗ ಮರಗಳು ಎತ್ತರ ಬೆಳೆದಿವೆ, ಬುಡದಲ್ಲಿ ಹಾವಸೆ ಮುಚ್ಚಿದೆ. ನೆಲ ಮಾತ್ರ ಇನ್ನೂ ಸಮವಾಗಿಲ್ಲ, ಗುಳಿಗೆ ಗುಳಿ ಮುಟ್ಟಿಕೊಂಡು ಮಲಗಿದೆ. ಮಳೆ ಸುರಿದು ಮಣ್ಣು ಜಾರಿದಾಗ ಒಣ ಎಲೆಗಳ ನಡುವೆ ಕೆಲವೊಮ್ಮೆ ಒಂದು ಕಂದು ಕೊರಡು ಮೇಲೇಳುತ್ತದೆ. ಮೊಳಕ್ಕಿಂತ ತುಸು ಗಿಡ್ಡ, ಒಂದು ತುದಿ ಚೂಪು, ಮೈತುಂಬ ಮರದ ತೊಗಟೆಯಂತೆ ಪದರು ಪದರಾಗಿ ಎದ್ದ ತುಕ್ಕು. ಬುಡದ ಹತ್ತಿರ ಮಾತ್ರ ಬೆರಳಗಲದ ಒಂದು ಪಟ್ಟಿ ಬೇರೆಯೇ ಬಣ್ಣದಲ್ಲಿ ಕಾಣುತ್ತದೆ. ಅದು ತಾಮ್ರ. ಮೇಲೆ ಹಸಿರು ಕಿಲುಬು ಕಟ್ಟಿದೆ, ಕಿಲುಬಿನಡಿಯಲ್ಲಿ ಒಂದೇ ಅಂತರದಲ್ಲಿ ಓರೆಯಾಗಿ ಸಾಗಿದ ಗೀರುಗಳಿವೆ. ಕೈಗೆ ತೊಟ್ಟ ಬಳೆಯ ಹಾಗೆ ಅದು ಕಬ್ಬಿಣದ ಮೈಯನ್ನು ಸುತ್ತಿಕೊಂಡಿದೆ.

ಈ ಬಳೆಯೊಂದನ್ನು ಓದಲು ಬಂದರೆ ಹಳೆಯ ಮದ್ದುಗುಂಡಿನ ವಿಜ್ಞಾನದ ಅರ್ಧ ಭಾಗ ಕೈಗೆ ಸಿಕ್ಕಂತೆ. ಉಳಿದರ್ಧ ನಮ್ಮ ಕೈಗೆ ಏಕೆ ಸಿಗುವುದಿಲ್ಲ ಎಂಬುದನ್ನೂ ಅದೇ ಬಳೆ ಹೇಳುತ್ತದೆ. ಕಾಡಿನಲ್ಲೋ ಹೊಲದಲ್ಲೋ ಇಂಥದ್ದೊಂದು ಸಿಕ್ಕಾಗ ಜನ ಕೇಳುವುದು ಎರಡು ಪ್ರಶ್ನೆ: ಇದು ಏನು? ಇದು ಇನ್ನೂ ಸಿಡಿಯಬಲ್ಲದೇ? ಮೊದಲನೆಯದಕ್ಕೆ ಉತ್ತರ ಸಿಕ್ಕರೆ ಎರಡನೆಯದಕ್ಕೂ ಸಿಕ್ಕಂತೆ ಎಂದು ನಾವು ತಿಳಿಯುತ್ತೇವೆ. ನೂರು ವರ್ಷದ ಪುರಾವೆ ಇದಕ್ಕೆ ವಿರುದ್ಧವಾಗಿದೆ. ಮೊದಲ ಪ್ರಶ್ನೆಗೆ ದೂರದಿಂದ ನೋಡಿಯೇ ಬಹಳಷ್ಟು ಉತ್ತರ ಹೇಳಬಹುದು. ಎರಡನೆಯದಕ್ಕೆ ಎಷ್ಟು ಹತ್ತಿರದಿಂದ ನೋಡಿದರೂ ಉತ್ತರ ಸಿಗದು. ಅಷ್ಟೇ ಅಲ್ಲ, ಗುರುತು ಹಚ್ಚಲು ಅತಿ ಹೆಚ್ಚು ನೆರವಾಗುವ ಲಕ್ಷಣವೇ ಹಲವು ಸಲ ಅತಿ ದೊಡ್ಡ ಅಪಾಯದ ಲಕ್ಷಣವೂ ಆಗಿರುತ್ತದೆ. ಈ ಅಧ್ಯಾಯದಲ್ಲಿ ನಾನು ವಾದಿಸಹೊರಟಿರುವುದು ಇದನ್ನೇ.

ತಾಮ್ರದ ಪಟ್ಟಿ ಅಲ್ಲಿಗೆ ಬಂದದ್ದು ಹೇಗೆ ಎಂಬುದರಿಂದ ಶುರುಮಾಡೋಣ. ಹತ್ತೊಂಬತ್ತನೆಯ ಶತಮಾನದ ನಡುಭಾಗದವರೆಗೆ ಹೆಚ್ಚಿನ ಫಿರಂಗಿಗಳ ನಳಿಗೆಯ ಒಳಮೈ ನುಣುಪಾಗಿತ್ತು, ಹಾರುತ್ತಿದ್ದದ್ದು ದುಂಡನೆಯ ಗುಂಡು. ಗುಂಡನ್ನು ಉದ್ದನೆಯ ಚೂಪು ಆಕಾರಕ್ಕೆ ತಂದರೆ ಗಾಳಿಯನ್ನು ಚೆನ್ನಾಗಿ ಸೀಳುತ್ತದೆ, ಹೆಚ್ಚು ಮದ್ದನ್ನೂ ಹೊರುತ್ತದೆ. ಆದರೆ ತಿರುಗದಿದ್ದರೆ ಹಾರುವಾಗ ಪಲ್ಟಿ ಹೊಡೆಯುತ್ತದೆ. ತಿರುಗುವ ಬುಗುರಿ ನೆಟ್ಟಗೆ ನಿಲ್ಲುವ ಹಾಗೆ, ತಿರುಗುವ ಶೆಲ್ ಮೂತಿ ಮುಂದೆ ಮಾಡಿ ಹಾರುತ್ತದೆ. ಅದನ್ನು ತಿರುಗಿಸಲೆಂದೇ ನಳಿಗೆಯ ಒಳಗೋಡೆಯಲ್ಲಿ ತಿರುಪಿನಂತೆ ಸುತ್ತುವ ತೋಡುಗಳನ್ನು ಕೊರೆದರು. ಉಕ್ಕಿನ ಶೆಲ್ ನೇರವಾಗಿ ಆ ತೋಡುಗಳಿಗೆ ಕಚ್ಚಿಕೊಂಡರೆ ನಳಿಗೆಯೇ ಸವೆದು ಹೋಗುತ್ತದೆ. ಆದ್ದರಿಂದ ಶೆಲ್ಲಿನ ಬುಡಕ್ಕೆ ಮೆದುವಾದ ತಾಮ್ರದ ಪಟ್ಟಿಯೊಂದನ್ನು ಬಿಗಿದರು, ನಳಿಗೆಯ ಬಾಯಳತೆಗಿಂತ ಅದು ಕೂದಲೆಳೆಯಷ್ಟು ದಪ್ಪ. ಹಾರಿಸಿದ ಕ್ಷಣದಲ್ಲಿ ಅನಿಲದ ಒತ್ತಡಕ್ಕೆ ತಾಮ್ರ ತೋಡುಗಳೊಳಗೆ ಹಿಸುಕಿಕೊಂಡು ಶೆಲ್ಲನ್ನು ತಿರುಗಿಸುತ್ತದೆ. ತೋಡುಗಳ ಅಚ್ಚು ಶಾಶ್ವತವಾಗಿ ಅದರ ಮೇಲೆ ಉಳಿಯುತ್ತದೆ. ಮಣ್ಣಿನಲ್ಲಿ ಬಿದ್ದ ಮೇಲೆ ಇನ್ನೊಂದು ಸಂಗತಿ ಇದಕ್ಕೆ ಅನುಕೂಲವಾಗುತ್ತದೆ. ಕಬ್ಬಿಣ ಮತ್ತು ತಾಮ್ರ ಒಂದಕ್ಕೊಂದು ತಾಗಿ ತೇವದಲ್ಲಿದ್ದರೆ ಅವೆರಡೂ ಸೇರಿ ಒಂದು ಸಣ್ಣ ಬ್ಯಾಟರಿಯಾಗುತ್ತವೆ, ಅದರಲ್ಲಿ ಕರಗುವುದು ಕಬ್ಬಿಣ, ಉಳಿಯುವುದು ತಾಮ್ರ. ಮೈಯೆಲ್ಲ ತುಕ್ಕು ತಿಂದು ರೂಪಗೆಟ್ಟ ಶೆಲ್ಲಿನಲ್ಲೂ ಬಳೆ ಓದಲು ಬರುವಂತೆ ಉಳಿದಿರುವುದು ಇದರಿಂದ.

ಪಟ್ಟಿಯ ಮೇಲೆ ಓರೆ ಗೀರುಗಳಿದ್ದರೆ ಈ ಶೆಲ್ಲನ್ನು ಫಿರಂಗಿಯಿಂದ ಹಾರಿಸಲಾಗಿದೆ. ಪಟ್ಟಿ ನುಣುಪಾಗಿದ್ದರೆ ಹಾರಿಸಿಲ್ಲ, ದಾಸ್ತಾನಿನಿಂದ ಬಿಟ್ಟುಹೋದದ್ದೋ ಹೂತಿಟ್ಟದ್ದೋ ಇರಬೇಕು. ಗೀರುಗಳ ಸಂಖ್ಯೆ, ಅಗಲ, ಅವು ಬಲಕ್ಕೆ ವಾಲಿವೆಯೋ ಎಡಕ್ಕೋ ಎಂಬುದು ಫಿರಂಗಿಯ ಜಾತಿಯನ್ನು ಸೂಚಿಸುತ್ತದೆ. ವ್ಯಾಸ ಗೊತ್ತಾದರೆ ಹುಡುಕಾಟ ಇನ್ನಷ್ಟು ಕಿರಿದಾಗುತ್ತದೆ. ಮೊದಲ ಮಹಾಯುದ್ಧದ ಪಶ್ಚಿಮ ರಣರಂಗದಲ್ಲಿ ಫ್ರೆಂಚರ ಹೆಸರಾಂತ ಫಿರಂಗಿಯ ಅಳತೆ 75 ಮಿಲಿಮೀಟರ್, ಜರ್ಮನ್ನರದು 77, ಬ್ರಿಟಿಷರ ಹದಿನೆಂಟು ಪೌಂಡಿನ ಫಿರಂಗಿಯದು 84ಕ್ಕೆ ತುಸು ಕಡಿಮೆ. ದೊಡ್ಡವುಗಳಲ್ಲಿ 105, 150, 155, 210. ಫ್ರೆಂಚ್ ಶೆಲ್ಲಿಗೂ ಜರ್ಮನ್ ಶೆಲ್ಲಿಗೂ ಇರುವುದು ಎರಡೇ ಮಿಲಿಮೀಟರ್ ಅಂತರ ಎಂದಮೇಲೆ ತುಕ್ಕಿನ ವಿಷಯ ಬರುತ್ತದೆ. ಕಬ್ಬಿಣ ತುಕ್ಕಾದಾಗ ಮೂಲ ಲೋಹಕ್ಕಿಂತ ಎರಡು ಪಟ್ಟಿಗೂ ಹೆಚ್ಚು ಜಾಗ ಹಿಡಿಯುತ್ತದೆ, ನೂರು ವರ್ಷದ ತುಕ್ಕಿನ ಪದರವೇ ಎರಡು ಮಿಲಿಮೀಟರನ್ನು ಸುಲಭವಾಗಿ ನುಂಗುತ್ತದೆ. ಹಾಗಾಗಿ ಪರಿಣತರು ಮೈಯ ಅಳತೆಯೊಂದನ್ನೇ ನೆಚ್ಚುವುದಿಲ್ಲ. ಪಟ್ಟಿ ಒಂದೋ ಎರಡೋ, ಬುಡದಿಂದ ಎಷ್ಟು ಮೇಲಿದೆ, ಮೂತಿ ಮೊಂಡೋ ನೀಳವೋ, ಬುಡ ಚಪ್ಪಟೆಯೋ ದೋಣಿಯ ಹಿಂಬದಿಯಂತೆ ಕಿರಿದಾಗಿದೆಯೋ ಎಂದು ಹಲವು ಲಕ್ಷಣಗಳನ್ನು ಒಟ್ಟಿಗೆ ತೂಗುತ್ತಾರೆ. ಪಟ್ಟಿಯ ಲೋಹವೂ ಕಾಲವನ್ನು ಹೇಳಬಲ್ಲದು: ಎರಡನೆಯ ಮಹಾಯುದ್ಧದಲ್ಲಿ ತಾಮ್ರದ ಕೊರತೆ ಕಾಡಿದಾಗ ಜರ್ಮನಿ ಕಬ್ಬಿಣದ ಪುಡಿಯನ್ನು ಒತ್ತಿ ಕಾಯಿಸಿದ ಪಟ್ಟಿಗಳನ್ನು ಬಳಸಿತು.

ಜನಸಾಮಾನ್ಯರ ಮೊದಲ ಗೊಂದಲ ಇದಕ್ಕಿಂತ ಸರಳವಾದದ್ದು. ನಾವು ಶೆಲ್ ಎಂಬ ಒಂದೇ ಮಾತಿನಿಂದ ಎರಡು ವಸ್ತುಗಳನ್ನು ಕರೆಯುತ್ತೇವೆ. ಒಂದು, ಹಾರಿಹೋಗುವ ಉಕ್ಕಿನ ಗುಂಡು. ಇನ್ನೊಂದು, ಅದನ್ನು ಹಾರಿಸಿದ ಮೇಲೆ ಫಿರಂಗಿಯ ಬಳಿಯೇ ಉದುರುವ ಹಿತ್ತಾಳೆಯ ಕೊಳವೆ, ಅಂದರೆ ತೋಟಾದ ಖಾಲಿ ಕವಚ. ಯುರೋಪಿನ ಎಷ್ಟೋ ಮನೆಗಳಲ್ಲಿ ಹೂದಾನಿಯಾಗಿ ನಿಂತಿರುವುದು ಈ ಎರಡನೆಯದು. ಇವೆರಡರ ನಡುವೆ ಮೂರನೆಯದೂ ಒಂದಿದೆ, ಶ್ರಾಪ್ನೆಲ್ ಶೆಲ್. ಅದರ ಮೈ ತೆಳುವಾದ ಉಕ್ಕಿನ ಲೋಟ. ಬ್ರಿಟಿಷರ ಹದಿನೆಂಟು ಪೌಂಡಿನ ಶೆಲ್ಲಿನಲ್ಲಿ ಸೀಸ ಮತ್ತು ಆಂಟಿಮನಿ ಬೆರೆಸಿದ ಸುಮಾರು 375 ಗೋಲಿಗಳಿರುತ್ತಿದ್ದವು, ತಳದಲ್ಲಿ ಒಂದು ಹಿಡಿ ಕರಿಮದ್ದು. ಶತ್ರುವಿನ ತಲೆಯ ಮೇಲೆ ಬಂದಾಗ ಮದ್ದು ಹೊತ್ತಿ ಗೋಲಿಗಳನ್ನು ಮುಂದಕ್ಕೆ ಉಗುಳುತ್ತದೆ, ಲೋಟ ಒಡೆಯದೆ ಕೆಳಗೆ ಬೀಳುತ್ತದೆ. ಬಾಯಿ ತೆರೆದು ಟೊಳ್ಳಾಗಿ ಸಿಕ್ಕ ಅಂಥ ಲೋಟ ಕೆಲಸ ಮುಗಿಸಿದ್ದು. ಅದೇ ಅಳತೆಯ, ಅದೇ ಆಕಾರದ, ಮೂತಿ ಮುಚ್ಚಿದ ಇನ್ನೊಂದು ಪಕ್ಕದ ಗುಳಿಯಲ್ಲೇ ಇರಬಹುದು. ಅದು ಕೆಲಸ ಮುಗಿಸಿಲ್ಲ. ಮೊದಲನೆಯದನ್ನು ನೋಡಿ ಧೈರ್ಯ ತಂದುಕೊಂಡವನು ಎರಡನೆಯದನ್ನೂ ಹಾಗೆಯೇ ಎತ್ತಿಕೊಳ್ಳುತ್ತಾನೆ.

ಈಗ ಬಳೆಯ ಗೀರುಗಳಿಗೆ ಮರಳೋಣ, ಏಕೆಂದರೆ ಅವು ಹೇಳುವ ಗಂಭೀರ ವಿಷಯ ಇನ್ನೂ ಬಾಕಿಯಿದೆ. ಶೆಲ್ಲಿನ ಒಳಗಿನ ಮುಖ್ಯ ಸ್ಫೋಟಕ ಸುಲಭವಾಗಿ ಸಿಡಿಯುವಂಥದ್ದಲ್ಲ. ಹಾಗಿದ್ದಿದ್ದರೆ ಫಿರಂಗಿಯ ನಳಿಗೆಯಲ್ಲೇ ಸಿಡಿಯುತ್ತಿತ್ತು. ಅದನ್ನು ಕೆಣಕುವುದು ಫ್ಯೂಸ್ ಎಂಬ ಸಣ್ಣ ಯಂತ್ರ, ಸಾಮಾನ್ಯವಾಗಿ ಮೂತಿಯಲ್ಲಿ, ಕೆಲವೊಮ್ಮೆ ಬುಡದಲ್ಲಿ. (ಮನೆಯ ಕರೆಂಟಿನ ಫ್ಯೂಸಿಗೂ ಇದಕ್ಕೂ ಹೆಸರು ಮಾತ್ರ ಒಂದೇ.) ಸಾಗಣೆಯಲ್ಲಿ ಕೈಜಾರಿ ಬಿದ್ದರೂ ಸಿಡಿಯಬಾರದು, ಗುರಿ ಮುಟ್ಟಿದೊಡನೆ ಸಿಡಿಯಲೇಬೇಕು ಎಂಬ ಎರಡು ವಿರುದ್ಧ ಬೇಡಿಕೆಗಳನ್ನು ಅದು ನಿಭಾಯಿಸಬೇಕು. ಇದಕ್ಕಾಗಿ ವಿನ್ಯಾಸಕಾರರು ಫಿರಂಗಿಯೊಳಗೆ ಮಾತ್ರ ಹುಟ್ಟುವ ಎರಡು ಬಲಗಳನ್ನು ಬೀಗದ ಕೈಯಾಗಿ ಬಳಸಿದರು. ಒಂದು, ಹಾರುವ ಕ್ಷಣದ ಭಯಂಕರ ವೇಗೋತ್ಕರ್ಷ, ಅದು ಭೂಮಿಯ ಗುರುತ್ವಕ್ಕಿಂತ ಸಾವಿರಾರು ಪಟ್ಟು. ಇನ್ನೊಂದು ತಿರುಗುವಿಕೆ, ಚಿಕ್ಕ ಫಿರಂಗಿಗಳಲ್ಲಿ ಅದು ನಿಮಿಷಕ್ಕೆ ಹತ್ತು ಸಾವಿರ ಸುತ್ತನ್ನೂ ಮೀರುತ್ತದೆ. ಬ್ರಿಟಿಷರ 106ನೇ ನಂಬರಿನ ಫ್ಯೂಸಿನಲ್ಲಿ ಕೇಪನ್ನು ಹೊತ್ತಿಸುವ ಮೊಳೆಯನ್ನು ತಡೆದಿದ್ದ ಲೋಹದ ಪಟ್ಟಿಯೊಂದು ಹಾರಾಟದ ತಿರುಗುವಿಕೆಗೆ ಬಿಚ್ಚಿಕೊಂಡು ಹೋಗುತ್ತಿತ್ತು. ಅಲ್ಲಿಂದ ಮುಂದೆ ಉಳಿದಿರುವುದು ಮೊಳೆ ಹೋಗಿ ಕೇಪಿಗೆ ಬಡಿಯುವ ಒಂದೇ ಹೆಜ್ಜೆ.

ತಾಮ್ರದ ಮೇಲೆ ಗೀರುಗಳಿವೆ ಎಂದರೆ ಈ ಎರಡೂ ಬಲಗಳನ್ನು ಆ ಶೆಲ್ ಅನುಭವಿಸಿದೆ ಎಂದರ್ಥ. ಬೀಗಗಳು ಕಳಚಿವೆ, ಅಥವಾ ಕಳಚುವ ಹಂತದಲ್ಲಿ ಎಲ್ಲೋ ಸಿಕ್ಕಿಕೊಂಡಿವೆ. ಅದು ಹೊರಟಿದೆ, ತಲುಪಿಲ್ಲ. ತಲುಪದಿರಲು ಕಾರಣ ಹಲವಿರಬಹುದು: ಬೆಲ್ಜಿಯಂನ ಫ್ಲಾಂಡರ್ಸಿನ ಕೆಸರು ಮೆತ್ತಗಿದ್ದು ಪೆಟ್ಟು ಸಾಲದೆ ಹೋಗಿರಬಹುದು, ಓರೆಯಾಗಿ ಬಿದ್ದಿರಬಹುದು, ಫ್ಯೂಸೇ ಕಳಪೆಯಾಗಿರಬಹುದು. 1916ರ ಜೂನ್ ಕೊನೆಯಲ್ಲಿ ಸೊಮ್ ನದಿಯ ಬಳಿ ಬ್ರಿಟಿಷರು ಒಂದು ವಾರ ಹಗಲಿರುಳು ಹಾರಿಸಿದ ಸುಮಾರು ಹದಿನೈದು ಲಕ್ಷ ಶೆಲ್ಲುಗಳಲ್ಲಿ ಮೂರರಲ್ಲೊಂದು ಸಿಡಿಯಲೇ ಇಲ್ಲ ಎಂಬ ಅಂದಾಜಿದೆ. ಅವಸರದಲ್ಲಿ ಕಾರ್ಖಾನೆಗಳು ತಯಾರಿಸಿದ ಮಾಲು ಅದು. ಯಾವ ಹಲ್ಲು, ಯಾವ ಸ್ಪ್ರಿಂಗು, ಯಾವ ಮೊಳೆ ಎಲ್ಲಿ ನಿಂತಿದೆ ಎಂಬುದು ಶೆಲ್ಲಿನಿಂದ ಶೆಲ್ಲಿಗೆ ಬೇರೆ. ಗುರುತಿನ ದೃಷ್ಟಿಯಿಂದ ಇಷ್ಟು ಸ್ಪಷ್ಟವಾಗಿ ಮಾತಾಡುವ ಬಳೆ ಒಳಗಿನ ಮೊಳೆಯ ಬಗ್ಗೆ ಏನನ್ನೂ ಹೇಳುವುದಿಲ್ಲ. ಹಾರಿಸದ, ನುಣುಪು ಪಟ್ಟಿಯ ಶೆಲ್ ಹಾಗಾದರೆ ಸುರಕ್ಷಿತವೇ ಎಂದರೆ ಅದೂ ಹೇಳಲಾಗದು, ನೂರು ವರ್ಷದಲ್ಲಿ ಅದರ ಬೀಗಗಳನ್ನು ತುಕ್ಕು ತಿಂದಿರಬಹುದು.

ಇಲ್ಲಿ ಮೊದಲ ಆಕ್ಷೇಪ ಏಳುತ್ತದೆ, ಅದು ಸಹಜವಾದದ್ದೇ. ನೂರು ವರ್ಷ ಕಳೆದ ಮೇಲೆ ಮದ್ದು ಕೆಟ್ಟು ಹೋಗಿರುವುದಿಲ್ಲವೇ? ಔಷಧಿಗೆ, ಬಣ್ಣಕ್ಕೆ, ಬ್ಯಾಟರಿಗೆ ಅವಧಿಯಿದೆ, ಸ್ಫೋಟಕಕ್ಕೆ ಇರಬಾರದೇಕೆ? ಬೂದಿ ಮುಚ್ಚಿದ ಕೆಂಡ ಎಂಬ ನಮ್ಮ ಮಾತು ಇಲ್ಲಿ ತಾನಾಗಿ ನಾಲಿಗೆಗೆ ಬರುತ್ತದೆ, ಆದರೆ ಹೋಲಿಕೆ ಕೂಡುವುದಿಲ್ಲ. ಕೆಂಡ ಉರಿಯುತ್ತಲೇ ಇರುವುದರಿಂದ ಎಂದಾದರೂ ಆರುತ್ತದೆ. ಶೆಲ್ಲಿನ ಮದ್ದು ಉರಿಯುತ್ತಿಲ್ಲ, ಕಾದು ಕುಳಿತಿದೆ. ಜರ್ಮನ್ನರು ಮೊದಲಿನಿಂದಲೂ ತುಂಬುತ್ತಿದ್ದ ಟಿಎನ್‌ಟಿ ಎಷ್ಟು ಗಟ್ಟಿಗವೆಂದರೆ 80 ಡಿಗ್ರಿ ಸೆಲ್ಸಿಯಸ್‌ನಲ್ಲಿ ಮೇಣದಂತೆ ಕರಗಿಸಿ ಎರಕ ಹೊಯ್ಯಬಹುದು. ಒಂದು ಲೀಟರ್ ತಣ್ಣೀರಿನಲ್ಲಿ ಅದು ಕರಗುವುದು ಸುಮಾರು 100 ಮಿಲಿಗ್ರಾಂ ಮಾತ್ರ. ಉಕ್ಕಿನ ಚಿಪ್ಪಿನೊಳಗೆ ಬೆಳಕಿಲ್ಲದೆ ಮಲಗಿದ ಟಿಎನ್‌ಟಿಗೆ ನೂರು ವರ್ಷ ದೊಡ್ಡ ಮಾತಲ್ಲ. ಇನ್ನು ಕೆಲವು ಮದ್ದುಗಳು ವಯಸ್ಸಾದಂತೆ ಹೆಚ್ಚು ಸಿಡುಕಾಗುತ್ತವೆ. ಫ್ರೆಂಚರು ಮೆಲಿನೈಟ್ ಎಂದೂ ಬ್ರಿಟಿಷರು ಲಿಡ್ಡೈಟ್ ಎಂದೂ ಕರೆದ ಪಿಕ್ರಿಕ್ ಆಮ್ಲ ಹೆಸರೇ ಹೇಳುವಂತೆ ಆಮ್ಲ. ಲೋಹ ತಾಗಿದರೆ ಅದು ಪಿಕ್ರೇಟ್ ಲವಣಗಳಾಗುತ್ತದೆ, ಅವುಗಳಲ್ಲಿ ಹಲವು ಮೂಲ ಆಮ್ಲಕ್ಕಿಂತ ಬಹು ಸುಲಭವಾಗಿ ಸಿಡಿಯುತ್ತವೆ. ಅದಕ್ಕೆಂದೇ ಶೆಲ್ಲಿನ ಒಳಮೈಗೆ ವಾರ್ನಿಷ್ ಬಳಿಯುತ್ತಿದ್ದರು. ನೂರು ವರ್ಷದ ವಾರ್ನಿಷ್ ಎಲ್ಲೆಲ್ಲಿ ಬಿರುಕು ಬಿಟ್ಟಿದೆ ಎಂದು ಹೊರಗಿನಿಂದ ಯಾರು ಹೇಳಬಲ್ಲರು?

ಟಿಎನ್‌ಟಿಗೆ ಅಮೋನಿಯಂ ನೈಟ್ರೇಟ್ ಬೆರೆಸಿದ ಅಮಾಟಾಲ್ ಎರಡೂ ಮಹಾಯುದ್ಧಗಳಲ್ಲಿ ಬಳಕೆಯಲ್ಲಿತ್ತು. ಎರಡನೆಯ ಮಹಾಯುದ್ಧದ ಮದ್ದುಗುಂಡುಗಳಿಂದ ತೆಗೆದ ಅಮಾಟಾಲ್ ಮಾದರಿಗಳ ಮೇಲೆ ನಾರ್ವೆಯ ರಕ್ಷಣಾ ಸಂಶೋಧಕರು ತೂಕ ಬೀಳಿಸಿ ಪರೀಕ್ಷೆ ನಡೆಸಿ 2024ರಲ್ಲಿ ಫಲಿತಾಂಶ ಪ್ರಕಟಿಸಿದರು. ಹೊಸ ಅಮಾಟಾಲಿಗೆ ಬೇಕೆಂದು ನಂಬಲಾಗಿದ್ದ ಪೆಟ್ಟಿಗಿಂತ ಸಾಕಷ್ಟು ಕಡಿಮೆ ಪೆಟ್ಟಿಗೇ ಹಳೆಯ ಮಾದರಿಗಳು ಸಿಡಿದವು. ಕಾಲ ಕಳೆದಂತೆ ಅಪಾಯ ಇಳಿಯುತ್ತದೆಂಬ ನಂಬಿಕೆಯನ್ನು ಇದಕ್ಕಿಂತ ನೇರವಾಗಿ ಅಲ್ಲಗಳೆಯುವ ಅಳತೆ ನನಗೆ ತಿಳಿದಂತೆ ಇನ್ನೊಂದಿಲ್ಲ. ಪ್ರಯೋಗಾಲಯದ ಮಾತು ಸಾಲದೆನ್ನುವವರಿಗೆ ನೆಲವೇ ಉತ್ತರಿಸಿದೆ. 1917ರ ಜೂನ್ 7ರಂದು ಬೆಲ್ಜಿಯಂನ ಮೆಸೀನ್ ದಿಬ್ಬದಡಿ ಬ್ರಿಟಿಷರು 19 ಬೃಹತ್ ಸುರಂಗ ಸ್ಫೋಟಕಗಳನ್ನು ಸಿಡಿಸಿದರು. ಬಳಸದೆ ಬಿಟ್ಟವುಗಳಲ್ಲಿ ಒಂದು 1955ರ ಜೂನ್‌ನಲ್ಲಿ ಸಿಡಿಲು ಬಡಿದು ಸಿಡಿಯಿತು, ಸತ್ತದ್ದು ಒಂದು ಹಸು. 2014ರ ಮಾರ್ಚ್‌ನಲ್ಲಿ ಅದೇ ದೇಶದ ಈಪರ್ ನಗರದ ಕಟ್ಟಡ ಕಾಮಗಾರಿಯ ಜಾಗದಲ್ಲಿ ಹಳೆಯ ಶೆಲ್ ಸಿಡಿದು ಇಬ್ಬರು ಕಾರ್ಮಿಕರು ಪ್ರಾಣ ಕಳೆದುಕೊಂಡರು. 2022ರ ಜುಲೈನಲ್ಲಿ ಸ್ಲೊವೇನಿಯಾ ಮತ್ತು ಇಟಲಿ ಗಡಿಯ ಕಾರ್ಸ್ಟ್ ಪ್ರಸ್ಥಭೂಮಿಗೆ ಕಾಡ್ಗಿಚ್ಚು ಬಿದ್ದಾಗ ಮೊದಲ ಮಹಾಯುದ್ಧದ ಮದ್ದುಗುಂಡುಗಳು ಬೆಂಕಿಯ ನಡುವೆ ಒಂದಾದ ಮೇಲೊಂದು ಸಿಡಿಯತೊಡಗಿದವು, ಅಗ್ನಿಶಾಮಕ ಸಿಬ್ಬಂದಿ ಹಿಂದೆ ಸರಿಯಬೇಕಾಯಿತು. ಕಾಡಿನ ನೆಲದಡಿ ಏನೇನಿದೆ, ಅದರಲ್ಲಿ ಎಷ್ಟು ಜೀವಂತವಿದೆ ಎಂದು ಯಾರೂ ಬೇಕೆಂದು ಮಾಡಲಾಗದ ಪರೀಕ್ಷೆಯನ್ನು ಬೆಂಕಿ ಮಾಡಿತ್ತು.

ಎರಡನೆಯ ಆಕ್ಷೇಪ ಹಳೆಯ ಕರಿಮದ್ದಿನ ಬಗ್ಗೆ, ಅದರಲ್ಲಿ ಅರ್ಧ ಸತ್ಯವಿದೆ. ಪೆಟ್ಲುಪ್ಪು, ಇದ್ದಿಲು, ಗಂಧಕ ಸೇರಿದ ಕರಿಮದ್ದಿನಲ್ಲಿ ಜೀವಾಳವಾದ ಪೆಟ್ಲುಪ್ಪು ನೀರಿನಲ್ಲಿ ಚೆನ್ನಾಗಿ ಕರಗುತ್ತದೆ. ಒಳಗೆ ನೀರು ಹರಿದಾಡಿದರೆ ಅದು ತೊಳೆದು ಹೋಗಿ ಇದ್ದಿಲು ಗಂಧಕಗಳ ಕೆಸರು ಉಳಿಯುತ್ತದೆ. ನಮ್ಮ ಶಿವಮೊಗ್ಗ ಜಿಲ್ಲೆಯ ಹೊಸನಗರ ತಾಲ್ಲೂಕಿನ ನಗರದಲ್ಲಿ ಸಿಕ್ಕ ರಾಕೆಟ್ಟುಗಳನ್ನು ಇಲ್ಲಿ ನೆನೆಯಬೇಕು. ಕೆಳದಿ ಅರಸರ ರಾಜಧಾನಿ ಬಿದನೂರಾಗಿದ್ದ ಊರು ಅದು, 1763ರಲ್ಲಿ ಹೈದರಾಲಿಯ ವಶವಾಯಿತು. 2002ರಲ್ಲಿ ಅಲ್ಲಿ ಸುಮಾರು 160 ತುಕ್ಕು ಹಿಡಿದ ಕಬ್ಬಿಣದ ಕೊಳವೆಗಳು ಸಿಕ್ಕವು. ಅವು ಟಿಪ್ಪುವಿನ ಕಾಲದ ರಾಕೆಟ್ಟುಗಳೆಂದು ಅಧ್ಯಯನದಿಂದ ತಿಳಿಯಲು ಐದು ವರ್ಷ ಹಿಡಿಯಿತು. 2018ರಲ್ಲಿ ಬತ್ತಿದ ಬಾವಿಯೊಂದರ ಹೂಳು ತೆಗೆಯುವಾಗ ಮಣ್ಣಿಗೆ ಮದ್ದಿನ ವಾಸನೆ ಬಂದು, ಅಗೆದಾಗ ಸಾವಿರಕ್ಕೂ ಹೆಚ್ಚು ರಾಕೆಟ್ಟುಗಳು ರಾಶಿಯಾಗಿ ದೊರೆತವು, ಒಂದೊಂದೂ ಗೇಣಿಗಿಂತ ತುಸು ಉದ್ದ. ಐದು ವರ್ಷ ಏಕೆ ಬೇಕಾಯಿತೆಂಬುದು ಅಚ್ಚರಿಯ ವಿಷಯವಲ್ಲ. ರಾಕೆಟ್ಟು ನಳಿಗೆಯಿಂದ ಹಾರುವುದಿಲ್ಲ, ಅದಕ್ಕೆ ತಾಮ್ರದ ಬಳೆ ಬೇಕಿಲ್ಲ, ಮೂತಿಯಲ್ಲಿ ಫ್ಯೂಸಿಲ್ಲ. ದಿಕ್ಕು ಕಾಯುತ್ತಿದ್ದದ್ದು ಕೊಳವೆಗೆ ಕಟ್ಟಿದ ಬಿದಿರಿನ ಗಳು ಅಥವಾ ಕತ್ತಿಯ ಅಲಗು. ಬಿದಿರು ಮಣ್ಣಾದ ಮೇಲೆ ಉಳಿಯುವುದು ಒಂದು ತುದಿ ಮುಚ್ಚಿದ ಕಬ್ಬಿಣದ ಕೊಳವೆ ಮಾತ್ರ. ಒಂದು ಜಾತಿಯ ಮದ್ದುಗುಂಡಿಗೆ ಹೊಂದುವ ಲಕ್ಷಣಪಟ್ಟಿ ಇನ್ನೊಂದಕ್ಕೆ ಕುರುಡು ಎಂಬುದಕ್ಕೆ ನಗರದ ರಾಕೆಟ್ಟು ಒಳ್ಳೆಯ ಪಾಠ.

ಬಾವಿಯ ತೇವದಲ್ಲಿ, ಬಾಯಿ ತೆರೆದ ಕೊಳವೆಯಲ್ಲಿ ಎರಡು ಶತಮಾನ ಇದ್ದ ಮದ್ದು ಬಹುಮಟ್ಟಿಗೆ ಸಪ್ಪೆಯಾಗಿರುತ್ತದೆಂಬ ಊಹೆ ಸರಿಯೇ. ಆದರೆ ಅದನ್ನು ಎಲ್ಲ ಕರಿಮದ್ದಿಗೂ ಹಿಗ್ಗಿಸಿದರೆ ಜೀವಕ್ಕೆ ಎರವಾಗುತ್ತದೆ. 2008ರಲ್ಲಿ ಅಮೆರಿಕದ ವರ್ಜೀನಿಯಾದಲ್ಲಿ ಅಂತರ್ಯುದ್ಧ ಕಾಲದ ಒಂಬತ್ತು ಇಂಚಿನ ನೌಕಾ ಗುಂಡೊಂದನ್ನು ಶುಚಿಗೊಳಿಸುತ್ತಿದ್ದಾಗ ಅದು ಸಿಡಿದು ಅನುಭವಿ ಸಂಗ್ರಾಹಕರೊಬ್ಬರು ಮನೆಯಂಗಳದಲ್ಲೇ ಸತ್ತರು. ಚೂರೊಂದು ಕಾಲು ಮೈಲಿ ದೂರದ ಮನೆಯ ಜಗಲಿಗೆ ಹೋಗಿ ಬಿತ್ತು. ಸಮುದ್ರದ ಕಾಳಗಕ್ಕೆಂದು ನೀರು ನುಗ್ಗದಂತೆ ಬಿಗಿಮಾಡಿದ ಬೀಡು ಕಬ್ಬಿಣದ ಆ ಗುಂಡಿನೊಳಗೆ ಮದ್ದು 140 ವರ್ಷಕ್ಕೂ ಹೆಚ್ಚು ಕಾಲ ಒಣಗಿಯೇ ಇತ್ತು. ಆ ವ್ಯಕ್ತಿ ಅಂಥ ಗುಂಡುಗಳನ್ನು ಎಷ್ಟೋ ವರ್ಷಗಳಿಂದ ಬಲ್ಲವರು, ಎಷ್ಟೋ ನೂರು ಗುಂಡುಗಳನ್ನು ನಿಭಾಯಿಸಿದವರು. ಗುರುತು ಹಚ್ಚುವುದರಲ್ಲಿ ಅವರು ತಪ್ಪಿರಲಿಲ್ಲ.

ಮೂರನೆಯ ಆಕ್ಷೇಪ ಹೆಚ್ಚು ಜಾಣತನದ್ದು. ಫ್ಲಾಂಡರ್ಸಿನ ರೈತರ ನೇಗಿಲಿಗೆ ಪ್ರತಿ ವರ್ಷ ಶೆಲ್ಲುಗಳು ತಾಗುತ್ತವೆ, ಅವರು ಅದನ್ನು ಕಬ್ಬಿಣದ ಸುಗ್ಗಿ ಎಂದೇ ಕರೆಯುತ್ತಾರೆ. ಚಳಿಗಾಲದಲ್ಲಿ ನೆಲ ಹೆಪ್ಪುಗಟ್ಟಿ ಕರಗುವಾಗ ಕಲ್ಲುಗಳಂತೆ ಶೆಲ್ಲುಗಳೂ ಮೇಲಕ್ಕೇರುತ್ತವೆ. ಬೆಲ್ಜಿಯಂ ಸೇನೆಯ ಸ್ಫೋಟಕ ವಿಲೇವಾರಿ ದಳ ವರ್ಷಕ್ಕೆ 150ರಿಂದ 200 ಟನ್‌ನಷ್ಟು ಸಂಗ್ರಹಿಸುತ್ತದೆ. ಇವುಗಳಲ್ಲಿ ಬಹುಪಾಲು ನೇಗಿಲಿನ ಪೆಟ್ಟು ತಿಂದೂ ಸಿಡಿದಿಲ್ಲ ಎಂದಮೇಲೆ ಇನ್ನು ಕೈಯಿಂದ ಮುಟ್ಟಿದರೆ ಸಿಡಿದೀತೇ? ಈ ತರ್ಕದಲ್ಲಿ ಎರಡು ದೋಷಗಳಿವೆ. ಪೆಟ್ಟು ತಿಂದು ಸಿಡಿದ ಶೆಲ್ಲು ರಸ್ತೆ ಬದಿಯಲ್ಲಿ ಕಾಣಸಿಗುವುದಿಲ್ಲ, ಉಳಿದವೇ ಕಣ್ಣಿಗೆ ಬೀಳುತ್ತವೆ. ಉಳಿದವರ ಸಾಕ್ಷಿಯನ್ನಷ್ಟೇ ಕೇಳಿ ತೀರ್ಪು ಕೊಟ್ಟಂತಾಗುತ್ತದೆ. ಎರಡನೆಯದು ಇನ್ನೂ ಮುಖ್ಯ. ಹೋದ ವರ್ಷ ಪೆಟ್ಟು ತಿಂದ ಶೆಲ್ಲೂ ಈ ವರ್ಷದ ಶೆಲ್ಲೂ ಒಂದೇ ವಸ್ತುವಲ್ಲ. ಈ ನಡುವೆ ತುಕ್ಕು ಒಂದು ಸ್ಪ್ರಿಂಗನ್ನು ಇನ್ನಷ್ಟು ತೆಳುಮಾಡಿದೆ, ಒಂದು ಪಿನ್ನಿನ ಕೊನೆಯ ಎಳೆಯನ್ನು ತಿಂದಿದೆ. ಮೇಲಾಗಿ ನೇಗಿಲು ಬಡಿದದ್ದು ಪಕ್ಕೆಗೆ. ಮನೆಗೆ ಒಯ್ಯುವಾಗ ಕೈಜಾರಿದರೆ ಅದು ಬೀಳುವುದು ಮೂತಿಯ ಮೇಲೂ ಇರಬಹುದು, ಮೊಳೆ ಕಾದಿರುವ ದಿಕ್ಕಿನಲ್ಲೇ.

ತೂತು ಬಿದ್ದಿದೆ, ಖಾಲಿಯಾಗಿದೆ ಎಂಬ ಸಮಾಧಾನವೂ ಇದೇ ಜಾತಿಯದು. ಸುಮಾರು ಇಪ್ಪತ್ತರಲ್ಲೊಂದು ಶೆಲ್ಲಿನಲ್ಲಿ ಸ್ಫೋಟಕದ ಜೊತೆಗೆ ವಿಷ ತುಂಬಿದ್ದ ಆ ರಣರಂಗದಲ್ಲಿ ತೂತು ಇನ್ನೂ ಕೆಟ್ಟ ಸುದ್ದಿ. ಜರ್ಮನ್ನರು ವಿಷದ ಬಗೆಗೆ ತಕ್ಕಂತೆ ಶೆಲ್ಲಿನ ಮೇಲೆ ಬಣ್ಣದ ಶಿಲುಬೆ ಬರೆಯುತ್ತಿದ್ದರು: ಉಸಿರು ಕಟ್ಟಿಸುವ ದ್ರವಕ್ಕೆ ಹಸಿರು, ಆರ್ಸೆನಿಕ್ ಸಂಯುಕ್ತಕ್ಕೆ ನೀಲಿ, ಮೈ ಬೊಕ್ಕೆ ಏಳಿಸುವ ಮಸ್ಟರ್ಡ್‌ಗೆ ಹಳದಿ. ಬಣ್ಣವನ್ನು ಮೊದಲ ಕೆಲವು ಮಳೆಗಾಲಗಳೇ ತೊಳೆದುಬಿಟ್ಟವು, ವಿಷ ಉಳಿಯಿತು. ಮಸ್ಟರ್ಡ್‌ನ ಹೊರಪದರ ಗಟ್ಟಿಯಾಗಿ ಕೆನೆಯಂತೆ ಕಟ್ಟಿಕೊಂಡು ಒಳಗಿನ ದ್ರವವನ್ನು ಕಾಪಾಡುತ್ತದೆ. ಸಮುದ್ರಕ್ಕೆ ಸುರಿದ ಮಸ್ಟರ್ಡ್‌ನ ಮುದ್ದೆಗಳು ಬಲೆಗೆ ಸಿಕ್ಕು ಬಾಲ್ಟಿಕ್ ಮೀನುಗಾರರ ಕೈ ಸುಟ್ಟದ್ದು ಹೀಗೆ. ವರ್ಡನ್ ಹತ್ತಿರದ ಕಾಡಿನಲ್ಲೇ ಒಂದು ಬಯಲಿದೆ. 1920ರ ದಶಕದ ಕೊನೆಯಲ್ಲಿ ಅಲ್ಲಿ ಸುಮಾರು ಎರಡು ಲಕ್ಷ ವಿಷದ ಶೆಲ್ಲುಗಳನ್ನು ಸುಟ್ಟರು. 2007ರಲ್ಲಿ ಪ್ರಕಟವಾದ ಮಣ್ಣಿನ ಪರೀಕ್ಷೆಯಲ್ಲಿ ಕೆಲವೆಡೆ ತೂಕದ ಶೇಕಡ 17ರಷ್ಟು ಆರ್ಸೆನಿಕ್ ಕಂಡುಬಂತು. ಸುತ್ತ ಮರ ತುಂಬಿದ ಕಾಡಿನ ನಡುವೆ ಆ ಬೋಳು ನೆಲದಲ್ಲಿ ಒಂದು ಹುಲ್ಲು, ಒಂದು ಹಾವಸೆ, ಒಂದು ಕಲ್ಲುಹೂವು ಬಿಟ್ಟರೆ ಬೇರೇನೂ ನೆಲೆ ನಿಲ್ಲಲಿಲ್ಲ.

ಹಾಗಾದರೆ ಜನರಿಗೆ ಗುರುತು ಹಚ್ಚುವುದನ್ನು ಕಲಿಸುವುದೇಕೆ, ಮುಟ್ಟಬೇಡಿ ಎಂದಷ್ಟೇ ಹೇಳಿದರೆ ಸಾಲದೇ ಎಂದು ಕೇಳುವವರಿದ್ದಾರೆ. ಸಾಲದು. ಮುಟ್ಟಬಾರದ್ದು ಯಾವುದು ಎಂದು ಗೊತ್ತಾಗದವನಿಗೆ ಮುಟ್ಟಬೇಡ ಎಂದು ಹೇಳಿ ಪ್ರಯೋಜನವಿಲ್ಲ. ಕಾರ್ಗಿಲ್ ಯುದ್ಧ ಮುಗಿದ 24 ವರ್ಷಗಳ ಬಳಿಕ, 2023ರ ಏಪ್ರಿಲ್‌ನಲ್ಲಿ, ಅದೇ ಕಾರ್ಗಿಲ್ ಪಟ್ಟಣದ ಹತ್ತಿರ ಹಳೆಯ ಶೆಲ್ ಸಿಡಿದು ಆಟವಾಡುತ್ತಿದ್ದ ಬಾಲಕನೊಬ್ಬ ತೀರಿಕೊಂಡ. ಮಕ್ಕಳ ಕಣ್ಣಿಗೆ ತುಕ್ಕು ಹಿಡಿದ ಲೋಹ ಆಟದ ಸಾಮಾನು, ಬಡವರ ಕಣ್ಣಿಗೆ ಅದು ಗುಜರಿ ಅಂಗಡಿಯಲ್ಲಿ ತೂಗಿ ಕೊಡುವ ದುಡ್ಡು, ಅದರಲ್ಲೂ ತಾಮ್ರದ ಬಳೆಗೆ ಹೆಚ್ಚು ಬೆಲೆ. ಎರಡೂ ತುದಿಗಳ ಆಕಾರ, ನಡುವಿನ ಮೈಯ ಸಮ ದಪ್ಪ, ಬುಡದ ಬಳಿಯ ಬೇರೆ ಬಣ್ಣದ ಪಟ್ಟಿ, ಇಷ್ಟನ್ನು ಹತ್ತು ಹೆಜ್ಜೆ ದೂರದಿಂದ ಕಂಡು ಇದು ಪೈಪಲ್ಲ, ಯಂತ್ರದ ಬಿಡಿಭಾಗವಲ್ಲ ಎಂದು ತಿಳಿಯುವಷ್ಟು ಕಲಿಕೆ ಎಲ್ಲರಿಗೂ ಬೇಕು. ಅಲ್ಲಿಂದ ಮುಂದಿನದು ಬಂದ ದಾರಿಯಲ್ಲೇ ಹಿಂದಿರುಗಿ, ಜಾಗ ನೆನಪಿಟ್ಟು, ಪೊಲೀಸರಿಗೆ ಹೇಳುವುದು. ದೂರದಿಂದ ತೆಗೆದ ಒಂದು ಫೋಟೊ ಪರಿಣತರಿಗೆ ಸಾಕಷ್ಟು ಹೇಳುತ್ತದೆ. ತುಕ್ಕು ಕೆರೆದು ನಂಬರು ಓದುವ ಅಗತ್ಯ ಅವರಿಗೂ ಇಲ್ಲ.

ಪರಿಣತರ ವಿಷಯ ಬಂದಾಗ ಕೊನೆಯ ಆಕ್ಷೇಪವನ್ನೂ ಎತ್ತಿಕೊಳ್ಳಬೇಕು: ನಮಗೆ ತಿಳಿಯದ್ದು ಅವರಿಗೆ ತಿಳಿಯುತ್ತದಲ್ಲವೇ? 1945ರಿಂದೀಚೆಗೆ ಫ್ರಾನ್ಸಿನಲ್ಲಿ ಹಳೆಯ ಮದ್ದುಗುಂಡು ತೆರವುಗೊಳಿಸುವ ಕೆಲಸದಲ್ಲಿ ಆರುನೂರಕ್ಕೂ ಹೆಚ್ಚು ಸಿಬ್ಬಂದಿ ಸತ್ತಿದ್ದಾರೆ. ತಿಳಿವಳಿಕೆಯ ಕೊರತೆಯಿಂದ ಸತ್ತವರಲ್ಲ ಅವರು. ಈಪರ್ ಹತ್ತಿರದ ಪೂಲ್‌ಕಪೆಲ್ಲೆಯ ಸೇನಾ ನೆಲೆಯಲ್ಲಿ ರೈತರು ವಿದ್ಯುತ್ ಕಂಬದ ಬುಡದಲ್ಲಿ ಇಟ್ಟುಹೋದ ಶೆಲ್ಲುಗಳನ್ನು ಲಾರಿಯಲ್ಲಿ ಮರಳು ಹಾಸಿ ತಂದು ವಿಂಗಡಿಸುತ್ತಾರೆ. ಆಕಾರದಿಂದ ತೀರ್ಮಾನವಾಗದ್ದು ಎಕ್ಸ್‌ರೇ ಕೋಣೆಗೆ ಹೋಗುತ್ತದೆ. ಶೆಲ್ಲನ್ನು ಓರೆಯಾಗಿಟ್ಟು ಚಿತ್ರ ತೆಗೆದರೆ, ಒಳಗೆ ದ್ರವವಿದ್ದಲ್ಲಿ ಅದರ ಮೇಲ್ಮೈ ನೆಲಕ್ಕೆ ಸಮನಾಗಿ ನಿಂತ ಒಂದು ಗೆರೆಯಾಗಿ ಕಾಣುತ್ತದೆ. ಗಾಜಿನ ಸೀಸೆ ಕಂಡರೆ ನೀಲಿ ಶಿಲುಬೆಯದು. ಅದೂ ಸಾಲದಾದಾಗ ಇಂಥ ಕೆಲಸಕ್ಕೆ ಕ್ಯಾಲಿಫೋರ್ನಿಯಂನಿಂದ ಹೊಮ್ಮುವ ನ್ಯೂಟ್ರಾನುಗಳನ್ನು ಉಕ್ಕಿನ ಮೂಲಕ ಹಾಯಿಸುವ ಉಪಕರಣವಿದೆ. ಒಳಗಿನ ಮೂಲವಸ್ತುಗಳು ಹಿಂದಿರುಗಿಸುವ ಗಾಮಾ ಕಿರಣಗಳಿಂದ ಕ್ಲೋರಿನ್ ಇದೆಯೇ, ಗಂಧಕವಿದೆಯೇ, ಆರ್ಸೆನಿಕ್ ಇದೆಯೇ, ಸ್ಫೋಟಕದ ನೈಟ್ರೋಜನ್ ಇದೆಯೇ ಎಂದು ಅದು ಚಿಪ್ಪು ತೆರೆಯದೆ ಓದುತ್ತದೆ. ಇದು ಏನು ಎಂಬ ಪ್ರಶ್ನೆಗೆ ಮನುಷ್ಯ ಕಂಡುಕೊಂಡ ಅತಿ ಪೂರ್ಣ ಉತ್ತರ ಅದು. ಸಿಡಿಯಬಲ್ಲದೇ ಎಂಬುದನ್ನು ಆ ನೆಲೆಯಲ್ಲಿ ಯಾರೂ ಕೇಳುವುದಿಲ್ಲ. ವಿಷವಿಲ್ಲವೆಂದು ಖಚಿತವಾದ ಶೆಲ್ಲುಗಳನ್ನು ಗುಂಡಿಯಲ್ಲಿ ಜೋಡಿಸಿ, ಮೇಲೆ ಹೊಸ ಸ್ಫೋಟಕವಿಟ್ಟು, ಹಲವು ಅಡಿ ಮಣ್ಣು ಮುಚ್ಚಿ, ದೂರ ನಿಂತು ಸಿಡಿಸುತ್ತಾರೆ. ಮಣ್ಣು ಮೇಲೆದ್ದು ಕೆಳಗೆ ಬೀಳುತ್ತದೆ. ಆ ರಾಶಿಯಲ್ಲಿ ಯಾವುದರ ಮೊಳೆ ನೂರು ವರ್ಷವೂ ಸನ್ನದ್ಧವಾಗಿತ್ತು, ಯಾವುದರದು ಎಂದೋ ತುಕ್ಕಾಗಿತ್ತು ಎಂಬುದು ಆಮೇಲೆ ಹುಡುಕಿದರೂ ಸಿಗುವುದಿಲ್ಲ.